ಏಣಿ ಒರಗಿಸುವ ಮುನ್ನ ಮರ ನೋಡು

ನಮ್ಮ ಕೊಡಗಿನಲ್ಲಿ ಭಾರ ಎತ್ತುವುದೆಂದರೆ ಆನೆ. ದುಬಾರೆಯ ಆನೆಗಳು ಹಿಂದೆ ಕಾಡಿನಿಂದ ಮರದ ದಿಮ್ಮಿ ಎಳೆಯುತ್ತಿದ್ದ ಕಥೆಯನ್ನು ಅಜ್ಜ ಹೇಳುತ್ತಿದ್ದರು. ಎತ್ತರ ಹತ್ತುವುದೆಂದರೆ ಕಾಳುಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸುವ ಮೊದಲು ಅಪ್ಪ ಮರವನ್ನು ಒಮ್ಮೆ ತಳ್ಳಿ ನೋಡುತ್ತಿದ್ದರು. ‘ಏಣಿ ಗಟ್ಟಿ ಇದ್ರೆ ಸಾಲದು, ಒರಗೋ ಮರವೂ ಗಟ್ಟಿ ಇರ್ಬೇಕು’ ಎನ್ನುವುದು ಅವರ ಮಾತು.

ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಕೆಲಸಕ್ಕೆ ಟ್ರೈನಿಯಾಗಿ ಸೇರಿದೆ. ಲಿಫ್ಟ್, ಮೆಟ್ಟಿಲುಗಳಿರುವ ಕೋರ್ ಗೋಡೆ ಉಳಿದೆಲ್ಲ ಭಾಗಕ್ಕಿಂತ ಮುಂದೆ ಎದ್ದು ನಿಂತಿತ್ತು. ಅದರ ನೆತ್ತಿಯ ಸುತ್ತ ಶಟರಿಂಗ್, ಜನ ಓಡಾಡುವ ಅಟ್ಟಣಿಗೆ. ನೆಲದಿಂದ ಸಾರವೆಯೇ ಇರಲಿಲ್ಲ! ಇದು ಕ್ಲೈಂಬಿಂಗ್ ಫಾರ್ಮ್‌ವರ್ಕ್. ಕಾಂಕ್ರೀಟ್ ಹಾಕುವಾಗಲೇ ಗೋಡೆಯೊಳಗೆ ಆಂಕರ್ ಹುದುಗಿಸುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಶಟರ್ ಹಿಂದಕ್ಕೆ ಸರಿಸಿ, ಆ ಆಂಕರ್‌ಗಳ ಆಧಾರದ ಮೇಲೆ ಇಡೀ ಅಟ್ಟಣಿಗೆಯನ್ನು ಮುಂದಿನ ಹಂತಕ್ಕೆ ಏರಿಸುತ್ತಾರೆ. ಕೆಲವೆಡೆ ಟವರ್ ಕ್ರೇನ್ ಎತ್ತುತ್ತದೆ, ಕೆಲವೆಡೆ ಹೈಡ್ರಾಲಿಕ್ ಜಾಕ್‌ಗಳೇ ಮೇಲೆ ತಳ್ಳುತ್ತವೆ.

ಕ್ರೇನ್ 10 ಟನ್ನಿನದು ಎಂದರೆ ಎಲ್ಲ ಕಡೆಯೂ ಅಷ್ಟು ಎತ್ತುತ್ತದೆ ಎಂದಲ್ಲ. ಭಾರ ತೋಳಿನ ತುದಿಯತ್ತ ಹೋದಷ್ಟೂ ಶಕ್ತಿ ಕಡಿಮೆ. ಕೇವಲ ಒಂದು ಘನ ಮೀಟರ್ ಕಾಂಕ್ರೀಟೇ ಸುಮಾರು 2.4 ಟನ್ ತೂಗುತ್ತದೆ. ಹೀಗಾಗಿ ಲೋಡ್ ಚಾರ್ಟ್ ಓದುವುದು ನಾನು ಕಲಿತ ಮೊದಲ ಪಾಠ.

ಎರಡನೆಯ ಪಾಠ ಸಿಕ್ಕಿದ್ದು ಮಳೆಗಾಲದಲ್ಲಿ. ಕೆಲಸ ಹಿಂದೆ ಬಿದ್ದಿತ್ತು. ‘16 ಗಂಟೆ ಆಯ್ತಲ್ಲ, ಏರಿಸಿ’ ಎಂದು ಮೇಲಿನವರ ಅವಸರ. ಗೋಡೆಯ ಶಟರ್ ಬಿಚ್ಚಲು ಐಎಸ್ 456 ಹೇಳುವುದು 16ರಿಂದ 24 ಗಂಟೆ, ನಿಜ. ಆದರೆ ಶಟರ್ ಬಿಚ್ಚುವುದು ಬೇರೆ, ಅದೇ ಗೋಡೆಗೆ ಟನ್‌ಗಟ್ಟಲೆ ಕಬ್ಬಿಣವನ್ನೂ ಜನರನ್ನೂ ನೇತುಹಾಕುವುದು ಬೇರೆ. ಕ್ಯೂಬ್ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ನನಗೆ ಅದು ಗೊತ್ತಿತ್ತು. ಆದರೂ ಕೆಲಸ ಹೋದೀತೆಂಬ ಭಯಕ್ಕೆ ಸುಮ್ಮನಿದ್ದೆ. ಮಾತಾಡಿದ್ದು ಒಡಿಶಾದ ಫೋರ್‌ಮನ್: ‘ರಿಪೋರ್ಟ್ ಬರೋವರೆಗೆ ನನ್ನ ಹುಡುಗರು ಹತ್ತಲ್ಲ.’

ಮಧ್ಯಾಹ್ನ ಕ್ಯೂಬ್ ಒಡೆದು ನೋಡಿದರೆ, ಡ್ರಾಯಿಂಗ್‌ನಲ್ಲಿ ಕೇಳಿದಷ್ಟು ಬಲ ಬಂದಿರಲಿಲ್ಲ. ಮರುದಿನ ಏರಿಸಿದೆವು.

ಆ ರಾತ್ರಿ ಓದಿದೆ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲ್ಯಾಂಡ್‌ನಲ್ಲಿ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ಕಟ್ಟುತ್ತಿದ್ದರು. ಅಟ್ಟಣಿಗೆಗೆ ಆಧಾರವಾಗಿದ್ದದ್ದು ಹಿಂದಿನ ದಿನ ಹಾಕಿದ ಕಾಂಕ್ರೀಟ್. ಅದಕ್ಕೆ ಸಾಕಷ್ಟು ಬಲ ಬಂದಿರಲಿಲ್ಲ. ಕಾಂಕ್ರೀಟ್ ಸಮೇತ ಅಟ್ಟಣಿಗೆ ಕಳಚಿ ಬಿದ್ದು 51 ಮಂದಿ ಸತ್ತರು. ಹವೆ ತಂಪಾದಷ್ಟೂ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಗಡಿಯಾರಕ್ಕೆ ಅದು ತಿಳಿಯದು.

ಸೈಟ್ ಕೆಲಸ ಹುಡುಕುತ್ತಿರುವ ಗೆಳೆಯರೇ, ನಮ್ಮ ಸಿಲೆಬಸ್‌ನಲ್ಲಿ ಫಾರ್ಮ್‌ವರ್ಕ್‌ಗೆ ಸಿಗುವುದು ಕೆಲವೇ ಪುಟ. ಸೈಟ್‌ನಲ್ಲಿ ಮಾತ್ರ ಜನ ನಿಲ್ಲುವುದೇ ಅದರ ಮೇಲೆ. ‘ಕ್ಯೂಬ್ ರಿಪೋರ್ಟ್ ಎಲ್ಲಿ?’ ಎಂದು ಕೇಳಲು ಅನುಭವ ಬೇಕಿಲ್ಲ, ಬಾಯಿ ಬೇಕು.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಹಾಗಾದ್ರೆ ಮರ ನೋಡಿದ್ದು ನೀನಲ್ಲ?’

ಈಗ ನೋಡುತ್ತಿದ್ದೇನೆ.