ತಿರುವಿನ್ಯಾಗ ಬಾರಕೋಲ ಬೀಸಬ್ಯಾಡ

ಕಾರು ಮನೆಗೆ ಬಂದ ದಿನ ದೊಡವಾಡದ ನಮ್ಮ ಓಣಿಯವರು ಮೊದಲು ಕೇಳಿದ್ದು ಅದರ ಬೆಲೆಯನ್ನಲ್ಲ. ‘ಬಾನೆಟ್ಟಿಗೆ ಅಷ್ಟ ಯಾಕ ಕರೀ ಬಣ್ಣ ಹಚ್ಚಿಸಿದಿ? ಎಲ್ಲೆರ ಬಡದಿತ್ತೇನು?’ ಎಂದು ಕೇಳಿದರು. ಟಾಟಾ ಆಲ್ಟ್ರೋಜ್ ರೇಸರ್ ಕಂಪನಿಯಿಂದಲೇ ಹೀಗೆ ಬರುತ್ತದೆ, ಕಪ್ಪು ಬಾನೆಟ್, ಮೇಲೆ ಎರಡು ಬಿಳಿ ಪಟ್ಟಿ ಎಂದು ಹೇಳಿ ಹೇಳಿ ಸಾಕಾಯಿತು. ಅಪ್ಪನ ಸಿಟ್ಟು ಬೇರೆಯದೇ ಇತ್ತು. ‘ಇಷ್ಟ ರೊಕ್ಕದಾಗ ಎತ್ತರದ ಗಾಡಿ ಬರ್ತಿತ್ತು. ಇದು ನೆಲಕ್ಕ ಹತ್ತಿಕೊಂಡ ಕುಂತೈತಿ’ ಎಂದ.

ನನ್ನ ಲೆಕ್ಕ ಇಷ್ಟೇ. ಎರಡು ಕಾರು ಇಡುವ ಮನೆ ನಮ್ಮದಲ್ಲ. ದಿನಾ ಧಾರವಾಡಕ್ಕೆ ಕೆಲಸಕ್ಕೆ ಹೋಗಿ ಬರುವುದು, ಕಣ್ಣಿನ ಆಪರೇಷನ್ ಆದ ಅಪ್ಪನನ್ನು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸುವುದು, ಬೈಲಹೊಂಗಲದ ಸಂತೆ, ಗೊಬ್ಬರದ ಚೀಲ ಎಲ್ಲಕ್ಕೂ ಇದೇ ಬೇಕು. ಒಬ್ಬನೇ ಇದ್ದಾಗ, ದಾರಿ ಖಾಲಿ ಇದ್ದಾಗ, ನನ್ನ ಖುಷಿಗೂ ಇದೇ ಬೇಕು.

ಈ ಆಸೆ ನನ್ನೊಬ್ಬನದಲ್ಲ. 1959ರಲ್ಲಿ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ಬ್ರಿಟನ್ನಿನಲ್ಲಿ ಮಿನಿ ಕಾರು ಮಾಡಿದಾಗ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಮುಂದಿನ ಚಕ್ರಗಳೇ ಎಳೆಯುವಂತೆ ಮಾಡಿದ. ಹಿಂದಿನ ಚಕ್ರಕ್ಕೆ ಹೋಗುವ ಉದ್ದದ ಶಾಫ್ಟ್ ಇಲ್ಲ, ಹಾಗಾಗಿ ಪುಟ್ಟ ಕಾರಿನೊಳಗೂ ನಾಲ್ಕು ಜನ ಕೂರುವಷ್ಟು ಜಾಗ ಉಳಿಯಿತು. ಅದೇ ಮನೆಬಳಕೆಯ ಕಾರಿಗೆ ಸ್ವಲ್ಪ ಹೆಚ್ಚು ಶಕ್ತಿ ಕೊಟ್ಟ ಮಿನಿ ಕೂಪರ್ 1964, 65 ಮತ್ತು 67ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. 1976ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಬಂತು. 110 ಅಶ್ವಶಕ್ತಿಯ ಆ ಕಾರು ಐದು ಸಾವಿರ ಖರ್ಚಾದರೆ ಸಾಕು ಎಂದುಕೊಂಡಿದ್ದರು. ಮೊದಲ ಪೀಳಿಗೆಯದೇ ನಾಲ್ಕೂವರೆ ಲಕ್ಷ ದಾಟಿತು. ನಮ್ಮಲ್ಲಿ ಮುಂದಿನ ಚಕ್ರದ ಎಳೆತವನ್ನು ಮನೆಮನೆಗೆ ತಂದದ್ದು 1983ರ ಮಾರುತಿ 800. ಆಮೇಲೆ 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಬಂದವು. ಎರಡೂ ಈಗ ಹೊಸದಾಗಿ ಸಿಗುವುದಿಲ್ಲ. 2025ರಲ್ಲಿ ಗಾಲ್ಫ್ ಜಿಟಿಐ ಭಾರತಕ್ಕೆ ಬಂದದ್ದು ಹೊರದೇಶದಿಂದ, ಐವತ್ತು ಲಕ್ಷ ದಾಟಿದ ಬೆಲೆಗೆ. ಅದರ ಮಾತು ಬಿಡಿ.

2024ರ ಜೂನ್‌ನಲ್ಲಿ ಬಿಡುಗಡೆಯಾದ ರೇಸರ್‌ನ ಎಂಜಿನ್ 1.2 ಲೀಟರಿನದು. ಮೂರೇ ಸಿಲಿಂಡರ್. ಆದರೆ ಟರ್ಬೊ ಇದೆ: 120 ಅಶ್ವಶಕ್ತಿ, 170 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರು. ಟಾರ್ಕ್ ಪೂರ್ತಿ ಸಿಗುವುದು ಎಂಜಿನ್ 1,750 ಸುತ್ತು ಮುಟ್ಟಿದಾಗಲೇ. ಅಂದರೆ ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಬೆಳಿಗ್ಗೆ ಉಪ್ಪಿನ ಬೆಟಗೇರಿ ಕಡೆಯ ದಾರಿಯಲ್ಲಿ ಬಸ್ಸೊಂದನ್ನು ಹಿಂದೆ ಹಾಕುವ ಆ ಕೆಲವು ಸೆಕೆಂಡಿಗಾಗಿಯೇ ನಾನು ಸಾಲ ಮಾಡಿದ್ದು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವ್ವನಿಗೆ ಇದೊಂದೂ ಬೇಡ. ಬಾಗಿಲು 90 ಡಿಗ್ರಿ ಪೂರಾ ತೆರೆಯುತ್ತದಲ್ಲ, ಮಂಡಿನೋವಿನ ಅವಳು ಸೀರೆ ಸಾವರಿಸಿಕೊಂಡು ಕಟ್ಟೆಯ ಮೇಲೆ ಕೂತಷ್ಟು ಸಲೀಸಾಗಿ ಕೂರುತ್ತಾಳೆ. ಐದು ಜನ ತುಂಬಿದರೆ ಊರ ಮುಂದಿನ ರೋಡ್ ಹಂಪು ಹೊಟ್ಟೆ ತಿಕ್ಕುತ್ತದೆ. ಆ ಸದ್ದಾದಾಗಲೆಲ್ಲ ಅಪ್ಪ ನನ್ನ ಮುಖ ನೋಡುತ್ತಾನೆ.

ಡಿಸೆಂಬರ್, ಕಬ್ಬಿನ ಸೀಜನ್. ಹಿಂದಿನ ರಾತ್ರಿ ಅಡ್ಡಮಳೆ ಬಿದ್ದಿತ್ತು. ಹೊಲದಿಂದ ಕಬ್ಬು ಹೊತ್ತು ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಎರೆಮಣ್ಣು ಮೆತ್ತಿ ಹೋಗಿದ್ದವು. ಅಪ್ಪನನ್ನು ಡಾಕ್ಟರಿಗೆ ತೋರಿಸಲು ಹೊರಟಿದ್ದೆ. ಟ್ರೇಲರ್ ಒಂದನ್ನು ದಾಟಿ, ಅದೇ ರಭಸದಲ್ಲಿ ತಿರುವಿಗೆ ಬಂದೆ. ಸ್ಟೇರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಕಾಲು ಆಕ್ಸಿಲರೇಟರಿನ ಮೇಲೇ ಇತ್ತು. ಕೊನೆಗೆ ಬ್ರೇಕ್ ತುಳಿದಾಗ ಎಬಿಎಸ್ ಗರಗರ ಎಂದಿತು, ಕಾರು ನೆಟ್ಟಗೆ ಹೋಗಿ ಬಿಳಿಜೋಳದ ಹೊಲದ ಬದುವಿಗೆ ಮೂತಿ ಕೊಟ್ಟು ನಿಂತಿತು. ಬಂಪರ್ ಒಡೆಯಿತು. ಅಪ್ಪನ ಹಣೆ ಬಾಗಿಲಿನ ಗಾಜಿಗೆ ಬಡಿದು ಊದಿತು. ಆಪರೇಷನ್ ಆದ ಕಣ್ಣಿನ ಮೇಲೆಯೇ.

ಕಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರ್ ಹೇಳುವವರೆಗೆ ಅಪ್ಪ ಒಂದು ಮಾತೂ ಆಡಲಿಲ್ಲ. ಹೊರಗೆ ಬಂದ ಮೇಲೆ ಅಂದ: ‘ಎತ್ತು ತಿರುಗೂ ಮುಂದ ಬಾರಕೋಲ ಬೀಸಿದ್ರ ಅವು ತಿರುಗಂಗಿಲ್ಲ, ಓಡ್ತಾವ. ನೀ ಅದನ್ನ ಮಾಡಿದಿ.’ ಹರೆಯದಲ್ಲಿ ಚಕ್ಕಡಿ ಓಟದಲ್ಲಿ ಎತ್ತು ಹೊಡೆದವನು ಅವನು. ಅಲ್ಲಿಂದಲೇ ಬಸ್ ಹತ್ತಿ ಊರಿಗೆ ಹೋದ.

ಅವನು ಹೇಳಿದ್ದು ಪಕ್ಕಾ ಎಂಜಿನಿಯರಿಂಗ್. ಮುಂದಿನ ಎರಡು ಟೈರಿಗೆ ಎರಡು ಕೆಲಸ: ಎಳೆಯಬೇಕು, ತಿರುಗಿಸಬೇಕು. ನೆಲದ ಮೇಲಿನ ಹಿಡಿತ ಮಾತ್ರ ಒಂದೇ ಗಂಟು. ಎಳೆತಕ್ಕೇ ಅದನ್ನೆಲ್ಲ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ಒದ್ದೆ ಎರೆಮಣ್ಣಿನ ಮೇಲಂತೂ ಗಂಟೇ ಸಣ್ಣದು. ಕಾಲನ್ನು ಮೆಲ್ಲಗೆ ಸಡಿಲಿಸಿದರೆ ಭಾರ ಮುಂದಕ್ಕೆ ಬರುತ್ತದೆ, ಟೈರು ಮತ್ತೆ ನೆಲ ಹಿಡಿಯುತ್ತದೆ, ಮೂತಿ ತಿರುಗುತ್ತದೆ. ಆಮೇಲೆ ಎಷ್ಟೋ ಬೆಳಿಗ್ಗೆ ಒಬ್ಬನೇ, ಕಡಿಮೆ ವೇಗದಲ್ಲಿ, ಇದನ್ನು ಕಲಿತೆ. ತಿರುವಿಗೆ ಮೊದಲೇ ವೇಗ ಇಳಿಸಿ, ಸ್ಟೇರಿಂಗ್ ನೆಟ್ಟಗಾಗುವ ಹೊತ್ತಿಗೆ ಕಾಲು ಒತ್ತುವುದರಲ್ಲಿ ಬಸ್ ಹಿಂದೆ ಹಾಕುವುದಕ್ಕಿಂತ ಹೆಚ್ಚಿನ ಮಜಾ ಇದೆ. ಅದಕ್ಕೆ ಓಟವೂ ಬೇಕಿಲ್ಲ, ಐವತ್ತರ ವೇಗ ಸಾಕು.

ಅಪ್ಪ ಮಾತ್ರ ಎರಡು ತಿಂಗಳು ಡಾಕ್ಟರ ಬಳಿ ಬಸ್ಸಿನಲ್ಲೇ ಹೋಗಿ ಬಂದ. ಬಾಗಿಲಲ್ಲಿ ಕಾರು ನಿಂತಿದ್ದರೂ, ಕಪ್ಪು ಕನ್ನಡಕ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದ ಅವನನ್ನು ನೋಡುವುದು ಸಾಲದ ಕಂತು ಕಟ್ಟುವುದಕ್ಕಿಂತ ಕಷ್ಟವಾಗುತ್ತಿತ್ತು.

ಭಾರತ ಹುಣ್ಣಿಮೆ ಮುಗಿದು ಗದ್ದಲ ಇಳಿದ ಮೇಲೆ ಅವ್ವನ ಹರಕೆಗೆಂದು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟೆವು. ಹಿಂದೆ ಅವ್ವ, ಅಕ್ಕ, ಅಕ್ಕನ ಮಗ. ಡಿಕ್ಕಿಯಲ್ಲಿ ಪಡ್ಲಗಿಯ ಸಾಮಾನು. ಅಪ್ಪನಿಗೆ ಮುಂದೆ ಕೂರದೆ ಗತಿ ಇರಲಿಲ್ಲ. ಏರಿನಲ್ಲಿ ಗಾಡಿಗಳು ನಿಂತವು. ಮತ್ತೆ ಹೊರಡುವಾಗ ಮುಂದಿನ ಚಕ್ರಗಳು ಕಿರ್ರೆಂದು ಬರಿದೇ ಸುತ್ತಿದವು. ಅಪ್ಪ ಬಾಗಿಲಿನ ಹಿಡಿ ಹಿಡಿದುಕೊಂಡ.

‘ಹಿಂದ ಭಾರ ಆದ್ರ ನೊಗ ಮ್ಯಾಲ ಏಳತೈತಿ,’ ಎಂದ. ‘ಸಾವಕಾಶ.’

ಕ್ಲಚ್ಚು ನಿಧಾನ ಬಿಟ್ಟೆ. ಟೈರು ನೆಲ ಹಿಡಿಯಿತು. ಮುಂದಿನ ತಿರುವಿಗೆ ಮೊದಲೇ ಕಾಲು ಸಡಿಲಿಸಿದೆ, ಕಾರು ಗೆರೆ ಎಳೆದ ಹಾಗೆ ತಿರುಗಿತು. ಅದರ ಮುಂದಿನದಕ್ಕೂ. ಅಪ್ಪನ ಕೈ ಹಿಡಿಯಿಂದ ತೊಡೆಯ ಮೇಲೆ ಬಂತು. ಮೇಲೆ ಹೋಗಿ ನಿಲ್ಲಿಸಿದಾಗ ಅವನು ಇಳಿದು ಮುಂದಿನ ಟೈರನ್ನು ಅಂಗೈಯಿಂದ ಮುಟ್ಟಿ ನೋಡಿದ. ಬಿಸಿಯಾಗಿತ್ತು.

‘ಸೋಮವಾರ ಎಷ್ಟಕ್ಕ ಹೊಂಡ್ತಿ? ನನಗ ಡಾಕ್ಟರ್ ಕಡೆ ಹೋಗೂದೈತಿ,’ ಎಂದ.