ಡೇಟಿನ ದಿನ ಜೊತೆಗೊಬ್ಬರು

ಸಕಲೇಶಪುರ, ಆಲೂರಿನ ತೋಟದ ಊರುಗಳಲ್ಲಿ ಬೆಳಗಿನ ಮೊದಲ ಬಸ್ಸಿಗೆ ಒಬ್ಬರೇ ನಡೆದು ಹೋಗಲು ಜನ ಹೆದರುತ್ತಾರೆ. ಮಂಜು ಕರಗುವ ಮೊದಲು ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಮನೆಯವರನ್ನು ಕೂಗಿ ಕರೆದು, ಟಾರ್ಚು ಹಿಡಿದು, ಇಬ್ಬರು ಮೂವರು ಸೇರಿ ರಸ್ತೆಗೆ ಬರುತ್ತಾರೆ.

ಅಂಥ ಒಂದು ಬೆಳಗ್ಗೆ ಯಸಳೂರು ಕಡೆಯಿಂದಲೋ ಹೆತ್ತೂರು ಕಡೆಯಿಂದಲೋ ಹೊರಟ ತಾಯಿಯೊಬ್ಬರನ್ನು ಕಣ್ಣಮುಂದೆ ತಂದುಕೊಳ್ಳಿ. ಮಗನ ಕೊಲೆಯಾಗಿದೆ. ಇವತ್ತು ಹಾಸನದ ಕೋರ್ಟಿನಲ್ಲಿ ಡೇಟು. ಸಕಲೇಶಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್ ಇನ್ನೊಂದು ಬಸ್ಸು. ಕಾಫಿ ಹಣ್ಣು ಕೊಯ್ಯುವ ಕಾಲವಾದರೆ ಒಂದು ದಿನದ ಕೂಲಿ ಹೋಯಿತು. ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತ ಮೇಲೆ ಯಾರೋ ಬಂದು, 'ಇವತ್ತು ಆಗಲ್ಲಮ್ಮ, ಮುಂದಕ್ಕೆ ಹೋಯ್ತು' ಎನ್ನುತ್ತಾರೆ. ಯಾಕೆ ಹೋಯಿತು, ಮುಂದೇನು ಎಂದು ಬಿಡಿಸಿ ಹೇಳುವವರಿಲ್ಲ.

ಮಗನನ್ನು ಹೆತ್ತವರು ಹೊರಗಿನ ಬೆಂಚಿನಲ್ಲಿ ಯಾಕೆ ಕೂರಬೇಕಾಯಿತು? ಅಲ್ಲಿಂದ ಒಳಗೆ ಬರಲು ಅವರಿಗೆ ಎಷ್ಟು ಕಾಲ ಬೇಕಾಯಿತು? ಆ ಕಥೆಯಲ್ಲಿ ಕರ್ನಾಟಕದ್ದೂ ದೊಡ್ಡ ಪಾಲಿದೆ.

ಸರ್ಕಾರದ ಕೇಸು, ಸಾಕ್ಷಿಯಾದ ತಾಯಿ

ನಮ್ಮ ಕಾನೂನಿನಲ್ಲಿ ಕೊಲೆ ಎಂದರೆ ಇಡೀ ಸಮಾಜದ ವಿರುದ್ಧದ ಅಪರಾಧ. ಹಾಗಾಗಿ ಕೇಸು ನಡೆಸುವುದು ಸರ್ಕಾರ, ವಾದಿಸುವುದು ಸರ್ಕಾರಿ ಅಭಿಯೋಜಕರು. ಬಡವನ ಸಾವಿಗೂ ಸರ್ಕಾರವೇ ಹೊಣೆ ಹೊರಬೇಕೆಂಬ ತತ್ವ ಅದು, ಒಳ್ಳೆಯದೇ. ಆದರೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸತ್ತವನ ಹೆತ್ತವರಿಗೆ ಸಾಕ್ಷಿ ಎಂಬುದರ ಆಚೆಗೆ ಹೆಚ್ಚಿನ ಸ್ಥಾನವಿರಲಿಲ್ಲ. ಒಬ್ಬರ ಹೇಳಿಕೆ ಕೇಳಿ ಇನ್ನೊಬ್ಬರು ತಮ್ಮ ಮಾತು ಬದಲಿಸಬಾರದೆಂದು, ಸಾಕ್ಷಿ ನುಡಿಯುವವರನ್ನು ಅವರ ಸರದಿ ಬರುವವರೆಗೆ ಹೊರಗೆ ಕೂರಿಸುತ್ತಾರೆ. ಕೂಗಿದಾಗ ಒಳಗೆ ಹೋಗಬೇಕು, ಮಗನ ರಕ್ತದ ಕಲೆಯಿರುವ ಅಂಗಿಯನ್ನು ಮುದ್ದೆಮಾಲಿನ ನಡುವೆ ಗುರುತಿಸಬೇಕು, ಪಾಟೀಸವಾಲಿಗೆ ಉತ್ತರ ಕೊಡಬೇಕು, ಸಹಿ ಹಾಕಿ ಹೊರಡಬೇಕು. ಆರೋಪಿ ಬಿಡುಗಡೆಯಾದರೆ ಮೇಲ್ಮನವಿ ಹೋಗಬೇಕೋ ಬೇಡವೋ ಎಂಬುದನ್ನು ಸರ್ಕಾರ ತೀರ್ಮಾನಿಸುತ್ತಿತ್ತು.

ಈ ವ್ಯವಸ್ಥೆ ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಕಂಬಾಲಪಲ್ಲಿ ತೋರಿಸಿತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ದೂರು ಕೊಟ್ಟವರೂ ಸಾಕ್ಷಿ ಹೇಳಬೇಕಾದವರೂ ಕೋರ್ಟಿನಿಂದ ಅದೇ ಭಯದ ನಡುವೆ ಮರಳಬೇಕಾಗಿತ್ತು.

ಅದೇ ಹೊತ್ತಿಗೆ ಉತ್ತರದಲ್ಲಿ ಒಬ್ಬ ತಾಯಿ ಬಾಗಿಲು ತಟ್ಟುತ್ತಿದ್ದರು. 2002ರ ಫೆಬ್ರವರಿಯಲ್ಲಿ ಕೊಲೆಯಾದ ನಿತೀಶ್ ಕಟಾರಾನ ತಾಯಿ ನೀಲಂ ಕಟಾರಾ, ಪ್ರಭಾವಿಗಳ ಊರಿನಲ್ಲಿ ಸಾಕ್ಷಿಗಳು ನಿಲ್ಲಲಾರರೆಂದು ವಾದಿಸಿ ವಿಚಾರಣೆಯನ್ನು ಘಾಜಿಯಾಬಾದಿನಿಂದ ದೆಹಲಿಗೆ ತರಿಸಿಕೊಂಡರು. ಅವರ ಅರ್ಜಿಯ ಮೇಲೆ 2003ರಲ್ಲಿ ದೆಹಲಿ ಹೈಕೋರ್ಟ್ ಸಾಕ್ಷಿ ರಕ್ಷಣೆಗೆ ಮಾರ್ಗಸೂಚಿ ಕೊಟ್ಟಿತು. ಸುಪ್ರೀಂ ಕೋರ್ಟಿನ ಅಂತಿಮ ಮಾತು ಬಂದದ್ದು 2016ರಲ್ಲಿ. 14 ವರ್ಷ ಅವರು ಕೋರ್ಟಿನಿಂದ ಕೋರ್ಟಿಗೆ ಅಲೆದರು. ವಿದ್ಯೆ, ನೌಕರಿ, ಭಾಷೆ ಎಲ್ಲವೂ ಇದ್ದ ತಾಯಿಗೇ ಇಷ್ಟು ಕಷ್ಟವಾದರೆ, ಎಸ್ಟೇಟ್ ಲೈನಿನಲ್ಲಿ ವಾಸಿಸುವ ತಾಯಿಯ ಪಾಡೇನು?

ಬಾಗಿಲು ತೆರೆದ ಬಗೆ

ಜಗತ್ತಿನ ಮಟ್ಟದಲ್ಲಿ ಮೊದಲ ದೊಡ್ಡ ಹೆಜ್ಜೆ 1985ರ ನವೆಂಬರ್ 29ರಂದು ಬಿತ್ತು. ಅಪರಾಧಕ್ಕೆ ತುತ್ತಾದವರನ್ನು ಅನುಕಂಪದಿಂದ, ಘನತೆಯಿಂದ ಕಾಣಬೇಕು, ಅವರ ಅಹವಾಲು ಕೇಳಬೇಕು ಎಂದು ವಿಶ್ವಸಂಸ್ಥೆ ಘೋಷಿಸಿತು. ಭಾರತದಲ್ಲಿ ಆ ಮಾತಿಗೆ ರೂಪ ಕೊಡಲು ಹೊರಟವರಲ್ಲಿ ಕನ್ನಡಿಗರೊಬ್ಬರು ಮುಂದಿದ್ದರು. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠ ಅವರ ಅಧ್ಯಕ್ಷತೆಯಲ್ಲಿ 2000ದಲ್ಲಿ ನೇಮಕವಾದ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಆ ವರದಿಯ ಹಲವು ಶಿಫಾರಸುಗಳಿಗೆ ತೀವ್ರ ಟೀಕೆ ಬಂತು. ಆರೋಪಿಯ ಹಕ್ಕುಗಳು ಸೊರಗುತ್ತವೆ ಎಂಬ ಆತಂಕ ಸಣ್ಣದಾಗಿರಲಿಲ್ಲ. ಆದರೆ ಸಂತ್ರಸ್ತರಿಗೆ ವಿಚಾರಣೆಯಲ್ಲಿ ಪಾಲ್ಗೊಳ್ಳುವ ಹಕ್ಕು, ವಕೀಲರ ನೆರವು, ಬಿಡುಗಡೆಯ ವಿರುದ್ಧ ಮೇಲ್ಮನವಿ, ಪರಿಹಾರ ಬೇಕೆಂಬ ಶಿಫಾರಸು ಉಳಿದು ಬೇರುಬಿಟ್ಟಿತು.

2008ರಲ್ಲಿ ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ತಂದಿತು. 2009ರ ಡಿಸೆಂಬರ್ 31ರಿಂದ ಅದು ಜಾರಿಗೆ ಬಂತು. 'ಸಂತ್ರಸ್ತ' ಎಂಬ ಪದಕ್ಕೆ ಮೊದಲ ಬಾರಿ ಸಂಹಿತೆಯಲ್ಲಿ ಅರ್ಥ ಸಿಕ್ಕಿತು. ಪೋಷಕರು, ಕಾನೂನುಬದ್ಧ ವಾರಸುದಾರರೂ ಅದರೊಳಗೆ ಸೇರಿದರು. ಮಗ ಸತ್ತರೆ ಹೆತ್ತವರೂ ಸಂತ್ರಸ್ತರೇ ಎಂದು ಕಾನೂನು ಒಪ್ಪಿಕೊಂಡಿತು.

ಆ ತಿದ್ದುಪಡಿ ಸಂತ್ರಸ್ತರಿಗೆ ಕೊಟ್ಟ ಮೇಲ್ಮನವಿಯ ಹಕ್ಕಿಗೆ ಗಟ್ಟಿ ಅಡಿಪಾಯ ಹಾಕಿದ್ದು ಕರ್ನಾಟಕದ್ದೇ ಒಂದು ಕೇಸು. ಮಲ್ಲಿಕಾರ್ಜುನ ಕೊಡಗಲಿ ಅವರ ಮೇಲೆ 2009ರ ಫೆಬ್ರವರಿಯಲ್ಲಿ ಹಲ್ಲೆಯಾಗಿತ್ತು. 2013ರಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. ಮೇಲ್ಮನವಿಗೆ ಹೋದರೆ, ಘಟನೆ ನಡೆದದ್ದು ತಿದ್ದುಪಡಿಗಿಂತ ಮೊದಲು ಎಂಬ ಕಾರಣಕ್ಕೆ ಹೈಕೋರ್ಟಿನ ಬಾಗಿಲು ಮುಚ್ಚಿತು. 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪು ಕೊಟ್ಟಿತು: ಬಿಡುಗಡೆಯ ಆದೇಶ ತಿದ್ದುಪಡಿ ಜಾರಿಗೆ ಬಂದ ನಂತರದ್ದಾಗಿದ್ದರೆ ಸಾಕು, ಸಂತ್ರಸ್ತರು ಯಾರ ಅನುಮತಿಯನ್ನೂ ಬೇಡದೆ ಮೇಲ್ಮನವಿ ಸಲ್ಲಿಸಬಹುದು. ಅಷ್ಟರಲ್ಲಿ ಕೊಡಗಲಿ ತೀರಿಕೊಂಡಿದ್ದರು. ಅವರ ವಾರಸುದಾರರು ಕೇಸು ಮುಂದುವರಿಸಿದ್ದರು. ಮೇಲ್ಮನವಿ ಹೂಡಿದ ಸಂತ್ರಸ್ತರು ತೀರಿಕೊಂಡರೆ ವಾರಸುದಾರರು ಅದನ್ನು ನಡೆಸಬಹುದು ಎಂದು 2025ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಸ್ಪಷ್ಟಪಡಿಸಿತು.

ಹಳೆಯ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇನ್ನೂ ಮುಂದೆ ಹೋಗಿದೆ. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕು, ಫೋನಿನ ಮೂಲಕವಾದರೂ ಸರಿ. ಸರ್ಕಾರ ಕೇಸು ಹಿಂಪಡೆಯಲು ಹೊರಟರೆ ಸಂತ್ರಸ್ತರ ಮಾತು ಕೇಳದೆ ಕೋರ್ಟ್ ಒಪ್ಪುವಂತಿಲ್ಲ. ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು. ಆದರೆ ಅವರು ಅಭಿಯೋಜಕರಿಗೆ ನೆರವಾಗಬಹುದೇ ಹೊರತು ಅವರ ಜಾಗದಲ್ಲಿ ನಿಂತು ಪಾಟೀಸವಾಲು ಮಾಡುವಂತಿಲ್ಲ ಎಂದು 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೂ ಖಾಲಿ ಇರುವ ಜಾಗ

ಇಷ್ಟೆಲ್ಲ ಹಕ್ಕು ಕಾಗದದ ಮೇಲೆ ಬಂದ ಮೇಲೂ ಆ ತಾಯಿ ಬಸ್ಸಿಗೆ ಒಬ್ಬರೇ ಹತ್ತುತ್ತಾರೆ.

ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಕ್ಕಳ ವಿಷಯದಲ್ಲಿ ಕಾನೂನು ಇದನ್ನು ಅರ್ಥ ಮಾಡಿಕೊಂಡಿದೆ. ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಒಬ್ಬ 'ಬೆಂಬಲ ವ್ಯಕ್ತಿ'ಯನ್ನು ಒದಗಿಸಬಹುದು. ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಅವರು ಮಗುವಿನ ಜೊತೆಗಿರುತ್ತಾರೆ. ಬ್ರಿಟನ್ನಿನ ಬ್ರಿಸ್ಟಲ್ ನಗರದಲ್ಲಿ 1974ರಲ್ಲೇ ಸ್ವಯಂಸೇವಕರು ಅಪರಾಧಕ್ಕೆ ತುತ್ತಾದವರ ಮನೆಗೆ ಹೋಗಿ ನೆರವಾಗುವ ಕೆಲಸ ಶುರುಮಾಡಿದ್ದರು. ನಮ್ಮಲ್ಲಿ ಬೆಳೆದ ಮಗನನ್ನು ಕಳೆದುಕೊಂಡ ಹೆತ್ತವರಿಗೆ ಅಂಥ ಜೊತೆಗಾರರನ್ನು ಯಾವ ಕಾನೂನೂ ಕೊಟ್ಟಿಲ್ಲ. ಆ ಜಾಗವನ್ನು ನಾವೇ ತುಂಬಬೇಕು.

ಜೊತೆಗೆ ಹೋಗುವವರು ವಕೀಲರಾಗಿರಬೇಕಿಲ್ಲ. ತಂಗಿಯ ಮಗನೋ ಶಾಲೆಯ ಮೇಷ್ಟ್ರೋ ಸ್ವಸಹಾಯ ಸಂಘದ ಅಕ್ಕನೋ ಆಗಬಹುದು. ಒಂದು ನೋಟ್‌ಬುಕ್ ಬೇಕು: ಕೇಸಿನ ನಂಬರು, ಪ್ರತಿ ಡೇಟಿನಂದು ಏನಾಯಿತು, ಮುಂದಿನದು ಯಾವಾಗ, ಅಭಿಯೋಜಕರನ್ನು ಕೇಳಬೇಕಾದ್ದೇನು. ಕೇಸಿನ ಸ್ಥಿತಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಗುತ್ತದೆ. ಹಿಂದಿನ ಸಂಜೆಯೇ ನೋಡಿ, ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿದೀತು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು ಅಥವಾ 15100ಕ್ಕೆ ಫೋನ್ ಮಾಡಬಹುದು. ಪರಿಹಾರದ ಅರ್ಜಿ ಹೋಗುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಪ್ರಾಣ ಬೆದರಿಕೆ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು. ದಲಿತರ ಮೇಲಿನ ದೌರ್ಜನ್ಯದ ಪ್ರಕರಣವಾದರೆ ಬಸ್ಸಿನ ಖರ್ಚು, ಊಟದ ಖರ್ಚು ಕೊಡುವುದೂ ಸರ್ಕಾರದ ಕರ್ತವ್ಯ.

ಮನಸ್ಸಿನ ಕೆಲಸ ಇದಕ್ಕಿಂತ ಕಷ್ಟದ್ದು. ಸಾಕ್ಷಿಗೆ ಮೊದಲು ಏನು ಹೇಳಬೇಕೆಂದು ತಾಯಿಗೆ ಕಲಿಸಿಕೊಡಬಾರದು, ಅದು ತಪ್ಪು, ಕೇಸಿಗೂ ಪೆಟ್ಟು. ಕೋರ್ಟ್ ಹೇಗಿರುತ್ತದೆ, ಯಾರು ಎಲ್ಲಿ ಕೂರುತ್ತಾರೆ ಎಂದು ಮೊದಲೇ ತೋರಿಸಬಹುದು. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಬಹುದು, ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬಹುದು ಎಂದು ಧೈರ್ಯ ಹೇಳಬಹುದು. ಅಂಗಿ ತೋರಿಸುವ ದಿನ ಇವತ್ತೇ ಎಂಬುದನ್ನು ಬಸ್ಸಿನಲ್ಲೇ ಮೆಲ್ಲಗೆ ತಿಳಿಸಬಹುದು. ಮರಣೋತ್ತರ ಪರೀಕ್ಷೆಯ ಫೋಟೊಗಳ ಮಾತು ಬರುವಾಗ ಎದ್ದು ಹೊರಗೆ ಬಂದರೆ ಮಗನನ್ನು ಕೈಬಿಟ್ಟಂತಲ್ಲ ಎನ್ನಬಹುದು. 'ಗ್ಯಾರಂಟಿ ಶಿಕ್ಷೆ ಆಗುತ್ತೆ' ಎಂದು ಮಾತ್ರ ಆಣೆ ಮಾಡಬಾರದು. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾಗದಿದ್ದರೆ ಆರೋಪಿ ಬಿಡುಗಡೆಯಾಗುತ್ತಾನೆ, ಆಗಲೇಬೇಕು. ಆ ಮಾತನ್ನು ತೀರ್ಪಿಗಿಂತ ಮೊದಲೇ, ಹತ್ತಿರದವರ ಬಾಯಿಂದ ಕೇಳಿಸಿಕೊಳ್ಳುವುದು ಒಳ್ಳೆಯದು.

'ಆದದ್ದಾಯ್ತು, ಮರೆತುಬಿಡು' ಎನ್ನುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ. ತೀರ್ಪು ಏನೇ ಬರಲಿ, ಆವತ್ತು ರಾತ್ರಿ ಮನೆಗೆ ಬಂದಾಗ ಮಗನ ಜಾಗ ಖಾಲಿಯೇ ಇರುತ್ತದೆ. ಕೇಸು ಮುಗಿದ ಮೇಲೆ ಹೋಗಲು ಕೋರ್ಟೂ ಇಲ್ಲ, ಕಾಯಲು ಡೇಟೂ ಇಲ್ಲ. ಅನೇಕ ಹೆತ್ತವರು ಕುಸಿಯುವುದು ಆಗಲೇ. ಜೊತೆಗಿದ್ದವರು ಮರುದಿನ, ಮರುವಾರ, ಮಗನ ತಿಥಿಯ ದಿನವೂ ಆ ಮನೆಗೆ ಹೋಗಬೇಕು.

ಬೆಂಚಿನಿಂದ ಕೋರ್ಟಿನ ಒಳಗೆ ಬರಲು ಹೆತ್ತವರಿಗೆ ದಶಕಗಳೇ ಬೇಕಾದವು. ಅದಕ್ಕೆ ಸಮಿತಿ, ಸಂಸತ್ತು, ಸುಪ್ರೀಂ ಕೋರ್ಟು ಎಲ್ಲ ಸೇರಬೇಕಾಯಿತು. ಮನೆಯಿಂದ ಆ ಬೆಂಚಿನವರೆಗಿನ ದಾರಿಗೆ ಒಬ್ಬ ನೆರೆಮನೆಯವರು ಸಾಕು. ಆನೆ ಇರುವ ದಾರಿಯಲ್ಲಿ ಯಾರನ್ನೂ ಒಬ್ಬರೇ ಕಳಿಸದ ಈ ಸೀಮೆಯ ಜನ, ಆ ತಾಯಿಯ ಬಾಗಿಲಲ್ಲೂ ನಿಂತು, 'ಅಕ್ಕಾ, ನಾಳೆ ಡೇಟಲ್ವಾ, ನಾನೂ ಬರ್ತೀನಿ' ಎಂದು ಕೂಗಬೇಕು.