ಗುಬ್ಬಚ್ಚಿಗೂ ಒಂದು ಲೆಕ್ಕದ ಪುಸ್ತಕ

ಪಕ್ಷಿ, ವೃಕ್ಷ, ಜಲಚರಗಳ ಗಣತಿಯಲ್ಲಿ ಸಾಮಾನ್ಯರ ಸೇವೆ

ಮಹಾನಗರವು ಇನ್ನೂ ನಿದ್ರಿಸುತ್ತಿರುವಾಗಲೇ ಎಚ್ಚರಗೊಳ್ಳುವವರು ಯಾರೆಂದು ಕೇಳಿದರೆ, ಹಾಲಿನವನು, ಪತ್ರಿಕೆ ಹಂಚುವವನು ಮತ್ತು ಹೋಟೆಲಿನ ನೌಕರನು ಎಂದು ಉತ್ತರಿಸಬೇಕಾಗುವುದು. ನಾಲ್ಕು ಗಂಟೆಗೆ ಒಲೆ ಹೊತ್ತಿಸಿ, ಇಡ್ಲಿಯ ಹಿಟ್ಟನ್ನು ತಟ್ಟೆಗಳಿಗೆ ಹೊಯ್ದು, ಹಿಂಬಾಗಿಲನ್ನು ತೆರೆದು ಹೊರಗೆ ನಿಂತಾಗ ಅವನನ್ನು ಕಾಣಲು ಬರುವ ಮೊದಲ ಗಿರಾಕಿ ಕಾಗೆ. ಅದರ ಬೆನ್ನಿಗೆ ಪಾರಿವಾಳ, ಆಮೇಲೆ ಮೈನಾ. ಅಕ್ಕಿ ಆರಿಸುವಾಗ ಬಿದ್ದ ಕಾಳಿಗಾಗಿ ಕಾಲಬುಡದವರೆಗೂ ಕುಪ್ಪಳಿಸಿ ಬರುತ್ತಿದ್ದ ಗುಬ್ಬಚ್ಚಿಯೆಲ್ಲಿ?

"ಹಿಂದೆ ನೂರಾರು ಇದ್ದವು, ಈಗ ಒಂದೂ ಇಲ್ಲ" ಎಂದು ಹಿರಿಯರು ಹೇಳುವುದುಂಟು. "ನಮ್ಮ ಚಾಳಿನಲ್ಲಿ ಇನ್ನೂ ಇವೆಯಲ್ಲ!" ಎಂದು ಮತ್ತೊಬ್ಬರು ಪ್ರತಿವಾದಿಸುವುದೂ ಉಂಟು. ಇಬ್ಬರೂ ಸುಳ್ಳಾಡುವವರಲ್ಲ. ಆದರೆ ಬರಿಯ ನೆನಪು ಸಾಕ್ಷಿಯಾಗದು. ಗಲ್ಲೆಯಲ್ಲಿ ಕುಳಿತವನು "ಈ ವರ್ಷ ವ್ಯಾಪಾರ ಕಡಿಮೆ" ಎಂದರೆ ಮಾಲಿಕನು ಒಪ್ಪುವನೆ? ಪುಸ್ತಕ ತೋರಿಸೆನ್ನುವನು. ಗುಬ್ಬಚ್ಚಿಗೂ ಅಂಥದೊಂದು ಪುಸ್ತಕ ಬೇಕು. ಅದನ್ನು ದಿನದಿನವೂ ಬರೆಯುವವರು ಬೇಕು. ಅಂಥ ಪುಸ್ತಕವೊಂದು ನಮ್ಮ ದೇಶದಲ್ಲಿ ಸಿದ್ಧವಾಗುತ್ತಿದೆಯೆಂಬುದೂ, ಅದನ್ನು ಬರೆಯುತ್ತಿರುವವರಲ್ಲಿ ಬಹುಮಂದಿ ವಿಜ್ಞಾನಿಗಳಲ್ಲದೆ ನಮ್ಮಂಥ ಸಾಮಾನ್ಯರೇ ಎಂಬುದೂ ವಾಚಕರಲ್ಲಿ ಅನೇಕರಿಗೆ ತಿಳಿದಿರಲಾರದು.

ಬಂದೂಕಿನಿಂದ ಪೆನ್ಸಿಲಿಗೆ

ಈ ಪದ್ಧತಿಯ ಮೂಲವನ್ನು ಹುಡುಕುತ್ತ ಹೋದರೆ ಅಮೆರಿಕೆಯ ಒಂದು ಕ್ರಿಸ್ಮಸ್ ದಿನಕ್ಕೆ ಬಂದು ನಿಲ್ಲುತ್ತೇವೆ. ಆ ಹಬ್ಬದಂದು ಎರಡು ಪಂಗಡಗಳಾಗಿ ಬಂದೂಕು ಹಿಡಿದು ಹೊರಟು, ಹೆಚ್ಚು ಹಕ್ಕಿಗಳನ್ನು ಕೊಂದು ತಂದವರು ಗೆದ್ದರೆನ್ನುವ ಕ್ರೂರ ವಿನೋದವು ಅಲ್ಲಿ ರೂಢಿಯಲ್ಲಿತ್ತು. ಫ್ರಾಂಕ್ ಚ್ಯಾಪ್ಮನ್ ಎಂಬ ಪಕ್ಷಿಶಾಸ್ತ್ರಜ್ಞರು ೧೯೦೦ರಲ್ಲಿ, "ಕೊಲ್ಲುವುದರ ಬದಲು ಎಣಿಸೋಣ" ಎಂಬ ಸಲಹೆಯನ್ನು ಮುಂದಿಟ್ಟರು. ಆ ಡಿಸೆಂಬರ್ ೨೫ರಂದು ೨೭ ಜನರು ೨೫ ಕಡೆಗಳಲ್ಲಿ ಹಕ್ಕಿಗಳನ್ನೆಣಿಸಿದರು. ಅಂದು ಆರಂಭವಾದ ಗಣತಿ ವರ್ಷವರ್ಷವೂ ಮುಂದುವರಿದು ಒಂದು ಶತಮಾನವನ್ನು ದಾಟಿದೆ.

ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ತವರಾದುದು ಮುಂಬಯಿ. ೧೮೮೩ರಲ್ಲಿ ಎಂಟು ಮಂದಿ ಹವ್ಯಾಸಿಗಳು ಸೇರಿ ಇಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಆ ಸಂಸ್ಥೆಯ ನೆರಳಿನಲ್ಲಿ ಬೆಳೆದ ಡಾ. ಸಾಲಿಂ ಅಲಿಯವರ ಜೀವನವಂತೂ ನಮ್ಮ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರಿಗೆ ವಿಶೇಷವಾಗಿ ಸ್ಮರಣೀಯವಾದುದು. ಅವರ ಬಳಿ ವಿಶ್ವವಿದ್ಯಾಲಯದ ಪದವಿಯಿರಲಿಲ್ಲ. ತರುಣರಾಗಿದ್ದಾಗ ಬರ್ಮಾದೇಶಕ್ಕೆ ಹೋಗಿ ಕುಟುಂಬದ ವ್ಯಾಪಾರವನ್ನು ನೋಡಿಕೊಂಡರು. ಮುಂದೆ ಪದವಿಯಿಲ್ಲವೆಂಬ ಕಾರಣಕ್ಕೇ ಸರಕಾರಿ ಕೆಲಸವೊಂದು ಅವರಿಗೆ ತಪ್ಪಿತು. ೧೯೩೦ರಲ್ಲಿ, ಕೈಯಲ್ಲಿ ಉದ್ಯೋಗವಿಲ್ಲದಿದ್ದ ಕಾಲದಲ್ಲಿ, ಮುಂಬಯಿಗೆ ಎದುರಾಗಿ ಕೊಲ್ಲಿಯಾಚೆಗಿರುವ ಕಿಹೀಮ್ ಎಂಬ ಹಳ್ಳಿಯಲ್ಲಿ ಗೀಜಗನ ಹಕ್ಕಿಯ ಸಂಸಾರವನ್ನು ದಿನಗಟ್ಟಲೆ ಕುಳಿತು ನೋಡಿ ಬರೆದ ವಿಷಯಗಳಿಂದಲೇ ವಿದ್ವಾಂಸರ ಮನ್ನಣೆ ಪಡೆದರು. ಹಿಂದಿನ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ಅವರು ೧೯೩೯-೪೦ರಲ್ಲಿ ನಡೆಸಿದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಅವರ ಆಪ್ತರಾದ ಜಫರ್ ಫತೇಹಲ್ಲಿಯವರು ೧೯೬೦ರ ಸುಮಾರಿಗೆ ಪಕ್ಷಿವೀಕ್ಷಕರಿಗಾಗಿಯೇ ಒಂದು ಪುಟ್ಟ ಮಾಸಪತ್ರಿಕೆಯನ್ನು ಮುಂಬಯಿಯಿಂದ ಹೊರಡಿಸಿದರು. ಯಂತ್ರದಲ್ಲಿ ಪ್ರತಿ ತೆಗೆದ ಹಾಳೆಗಳ ಆ ಪತ್ರಿಕೆಯಲ್ಲಿ ಊರೂರಿನ ವೀಕ್ಷಕರು, ತಮ್ಮ ಕೆರೆಗೆ ಯಾವ ಬಾತು ಬಂದಿತು, ತಮ್ಮ ಮಾಡಿನಲ್ಲಿ ಯಾವ ಹಕ್ಕಿ ಗೂಡು ಕಟ್ಟಿತು ಎಂದು ಬರೆದು ಕಳುಹಿಸುತ್ತಿದ್ದರು. ಆ ಪತ್ರಿಕೆ ಕಾಲಾಂತರದಲ್ಲಿ ಬೆಂಗಳೂರಿಗೆ ಬಂದು ಅಲ್ಲಿಂದ ಪ್ರಕಟವಾಯಿತು.

ಎಣಿಕೆಯ ಕ್ರಮ

೧೯೮೭ರಿಂದ ಪ್ರತಿ ಜನವರಿಯಲ್ಲಿ ಏಷ್ಯಾಖಂಡದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಸ್ವಯಂಸೇವಕರು ಕೆರೆ, ಕೊಲ್ಲಿ, ಜೌಗುಗಳ ದಡದಲ್ಲಿ ನಿಂತು ಎಣಿಸುತ್ತಾರೆ. ೨೦೧೩ರಿಂದ ಫೆಬ್ರವರಿ ತಿಂಗಳ ನಾಲ್ಕು ದಿನಗಳಲ್ಲಿ ನಡೆಯುವ ಹಿತ್ತಿಲ ಹಕ್ಕಿಗಳ ಗಣತಿಯಲ್ಲಿಯೂ ಭಾರತವು ಪಾಲ್ಗೊಳ್ಳುತ್ತಿದೆ. ಇದರ ನಿಯಮಗಳು ಮಗುವಿಗೂ ಅರ್ಥವಾಗುವಷ್ಟು ಸರಳ. ಕನಿಷ್ಠ ೧೫ ನಿಮಿಷ ಒಂದೆಡೆ ನಿಲ್ಲಬೇಕು, ಇಲ್ಲವೆ ನಡೆಯಬೇಕು. ಕಂಡ, ಕೇಳಿದ, ಗುರುತು ಸಿಕ್ಕಿದ ಹಕ್ಕಿಗಳೆಲ್ಲವನ್ನೂ ಬರೆಯಬೇಕು. ದಿನ, ಹೊತ್ತು, ಸ್ಥಳ, ಸಂಖ್ಯೆ ಇವಿಷ್ಟನ್ನು ಸೇರಿಸಿ, ಈಗ ಎಲ್ಲರ ಕೈಯಲ್ಲಿಯೂ ಇರುವ ಮೊಬೈಲಿನ ಮೂಲಕ 'ಈಬರ್ಡ್' ಎಂಬ ಸಾರ್ವಜನಿಕ ದಾಖಲೆಗೆ ಒಪ್ಪಿಸಬೇಕು. ಅಮೆರಿಕೆಯಲ್ಲಿ ೨೦೦೨ರಲ್ಲಿ ಆರಂಭವಾದ ಈ ದಾಖಲೆ ಈಗ ಜಗತ್ತಿನೆಲ್ಲೆಡೆಗೂ ವ್ಯಾಪಿಸಿದೆ.

"ಎಲ್ಲವನ್ನೂ ಬರೆಯಬೇಕು" ಎಂಬ ಮಾತಿನಲ್ಲಿಯೇ ಇದರ ಮರ್ಮವಿರುವುದು. ಅಪರೂಪದ ಹಕ್ಕಿಯನ್ನು ಬರೆದು ಕಾಗೆಯನ್ನು ಬಿಟ್ಟರೆ ಲೆಕ್ಕ ಕೆಡುವುದು. ಒಂದು ನಗರದಿಂದ ನೂರು ಪಟ್ಟಿಗಳು ಬಂದವೆನ್ನೋಣ. ಅವುಗಳಲ್ಲಿ ಎಷ್ಟರಲ್ಲಿ ಗುಬ್ಬಚ್ಚಿಯ ಹೆಸರಿದೆ, ಹತ್ತು ವರ್ಷಗಳ ಹಿಂದಿನ ನೂರರಲ್ಲಿ ಎಷ್ಟರಲ್ಲಿತ್ತು ಎಂದು ತಾಳೆ ನೋಡಿದರೆ ಹಕ್ಕಿ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು. ಪಟ್ಟಿಯಲ್ಲಿ ಹೆಸರಿಲ್ಲದಿರುವುದೂ ಒಂದು ಸುದ್ದಿಯೇ. ಆದರೆ ಕಂಡದ್ದನ್ನೆಲ್ಲ ಬರೆದವನ ಪಟ್ಟಿಯಲ್ಲಿ ಮಾತ್ರ ಆ ಸುದ್ದಿಗೆ ಬೆಲೆ. ಖಾತೆಪುಸ್ತಕವನ್ನು ಬಲ್ಲ ಗುಮಾಸ್ತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ದಿನದ ವಹಿಯಿಂದ ಏನೂ ತಿಳಿಯದು. ವರ್ಷಗಳ ವಹಿಗಳನ್ನು ಜೋಡಿಸಿಟ್ಟಾಗ ಅಂಗಡಿಯ ನಿಜಸ್ಥಿತಿ ಹೊರಬೀಳುವುದು.

ತಪ್ಪು ಬರೆದರೇನು ಗತಿ ಎಂದು ಕೆಲವರು ಶಂಕಿಸಬಹುದು. ಆ ಊರಿಗೆ, ಆ ಋತುವಿಗೆ ಒಗ್ಗದ ಹೆಸರು ಬಂದರೆ ಅನುಭವಿಗಳು ಪರೀಕ್ಷಿಸಿ, ಬರೆದವರನ್ನೇ ಕೇಳುತ್ತಾರೆ. ಗುರುತು ಸಿಗದ ಹಕ್ಕಿಯನ್ನು ಗುರುತು ಸಿಗಲಿಲ್ಲವೆಂದೇ ಬಿಡುವುದರಲ್ಲಿ ಅವಮಾನವಿಲ್ಲ. ಪ್ರಾಮಾಣಿಕತೆಯೊಂದೇ ಇಲ್ಲಿಯ ಪ್ರವೇಶಶುಲ್ಕ.

ಲೆಕ್ಕವು ಹೇಳಿದುದೇನು?

ಹೀಗೆ ಕೂಡಿಬಂದ ಪಟ್ಟಿಗಳನ್ನಾಧರಿಸಿ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಗಳು ೨೦೨೦ರಲ್ಲಿ ಮತ್ತು ೨೦೨೩ರಲ್ಲಿ ಹೊರಬಂದವು. ಎರಡನೆಯ ವರದಿಗೆ ೩೦,೦೦೦ಕ್ಕೂ ಹೆಚ್ಚು ವೀಕ್ಷಕರ ಸುಮಾರು ೩ ಕೋಟಿ ದಾಖಲೆಗಳು ಆಧಾರವಾಗಿದ್ದವು. ೯೪೨ ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಲಾಯಿತು. ದೀರ್ಘಕಾಲದ ಏರಿಳಿತವನ್ನು ನಿರ್ಣಯಿಸಲು ಸಾಧ್ಯವಾದ ೩೩೮ ಜಾತಿಗಳಲ್ಲಿ ೨೦೪ ಜಾತಿಗಳು ಇಳಿಮುಖವಾಗಿವೆ. ೩೬ ಮಾತ್ರ ಏರಿವೆ. ಏರಿದವುಗಳಲ್ಲಿ ನಮ್ಮ ರಾಷ್ಟ್ರಪಕ್ಷಿಯಾದ ನವಿಲೂ ಒಂದು.

ಗುಬ್ಬಚ್ಚಿಯ ವಿಷಯದಲ್ಲಿ ೨೦೨೦ರ ವರದಿಯು ಹಿರಿಯರ ಮಾತನ್ನೂ ಅದಕ್ಕೆ ಎದುರಾಡಿದವರ ಮಾತನ್ನೂ ಏಕಕಾಲದಲ್ಲಿ ಸಮರ್ಥಿಸಿತು! ಇಡಿಯ ದೇಶವನ್ನು ತೆಗೆದುಕೊಂಡರೆ ಕಳೆದ ಕಾಲು ಶತಮಾನದಲ್ಲಿ ಗುಬ್ಬಚ್ಚಿಯ ಸ್ಥಿತಿ ಹೆಚ್ಚುಕಡಿಮೆ ಸ್ಥಿರವಾಗಿಯೇ ಇದೆ. ಆದರೆ ಮುಂಬಯಿ, ದಿಲ್ಲಿ, ಚೆನ್ನೈ, ಹೈದರಾಬಾದು, ಕಲಕತ್ತೆ, ಬೆಂಗಳೂರುಗಳೆಂಬ ಆರು ಮಹಾನಗರಗಳಲ್ಲಿ ಮಾತ್ರ ಅದು ಮೆಲ್ಲಮೆಲ್ಲನೆ ಇಳಿಯುತ್ತ ಬಂದಿದೆ. ಎಂದರೆ, ಊರಿನಲ್ಲಿ ಅಜ್ಜಿಯ ಮನೆಯ ಜಂತಿಯಲ್ಲಿ ಅದು ಚಿಲಿಪಿಲಿಗುಟ್ಟುತ್ತಿರಬಹುದು. ನಾವು ಹೊಟ್ಟೆಪಾಡಿಗೆ ಬಂದು ಸೇರಿದ ನಗರದಲ್ಲಿ ಅದಕ್ಕೆ ನೆಲೆ ತಪ್ಪುತ್ತಿದೆ. ಮರಿಗಳಿಗೆ ಬೇಕಾದ ಹುಳುಗಳ ಅಭಾವ, ಗೂಡಿಗೆ ಬೇಕಾದ ಸಂದುಗೊಂದುಗಳ ಅಭಾವ ಇದಕ್ಕೆ ಕಾರಣವಿರಬಹುದೆಂದು ವರದಿ ಊಹಿಸಿತು. ಮೊಬೈಲ್ ಗೋಪುರಗಳೇ ಕಾರಣವೆಂಬ ಜನಪ್ರಿಯ ವಾದಕ್ಕೆ ಅದರಲ್ಲಿ ಆಧಾರ ದೊರೆಯಲಿಲ್ಲ.

ಇನ್ನು ಕವಿಗಳ ಚಾತಕಪಕ್ಷಿಯನ್ನು ನೋಡೋಣ. ಮಳೆಹನಿಯನ್ನೇ ಕಾದಿರುವುದೆಂದು ಕಾವ್ಯಗಳು ಬಣ್ಣಿಸುವ ಈ ಹಕ್ಕಿ ದಕ್ಷಿಣದಲ್ಲಿ ವರ್ಷವಿಡೀ ಇರುವುದುಂಟು; ಉತ್ತರ ಮತ್ತು ಮಧ್ಯ ಭಾರತಕ್ಕಾದರೋ ಅದು ಮುಂಗಾರಿನ ಹೊತ್ತಿಗೆ ಆಫ್ರಿಕದಿಂದ ಕಡಲು ದಾಟಿ ಬರುತ್ತದೆ. ವಲಸೆಹಕ್ಕಿಗಳು ಊರೂರಿಗೆ ಎಂದು ಬರುವುವೆಂಬುದನ್ನು ಜನರಿಂದಲೇ ತಿಳಿದುಕೊಳ್ಳುವ ಯೋಜನೆಯೊಂದು ೨೦೦೭ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಆರಂಭವಾಯಿತು. ಚಾತಕದ ಮೊದಲ ದರ್ಶನದ ದಿನಾಂಕಗಳನ್ನು ನೂರಾರು ಜನರು ಬರೆದು ಕಳುಹಿಸಿದಾಗ, ಅದು ಮಳೆಯ ಮುಂದೂತನೆಂಬ ಕವಿಸಮಯದಲ್ಲಿ ಎಷ್ಟು ಸತ್ಯವಿದೆಯೆಂದು ನಕ್ಷೆಯ ಮೇಲೆ ನೋಡಲು ಸಾಧ್ಯವಾಯಿತು.

ಮರಗಳಿಗೂ ಇಂಥದೇ ವ್ಯವಸ್ಥೆಯುಂಟು. ೨೦೧೦ರಲ್ಲಿ ಆರಂಭವಾದ 'ಸೀಸನ್‌ವಾಚ್' ಎಂಬ ಯೋಜನೆಯಲ್ಲಿ ಒಂದು ಮರವನ್ನು ಆಯ್ದುಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿಗಳನ್ನು ನೋಡಿ ಬರೆದರಾಯಿತು. ಕೇರಳದ ಶಾಲಾಮಕ್ಕಳು ಇದರಲ್ಲಿ ಮುಂದಾಳುಗಳು. ಅದೇ ಕೇರಳದಲ್ಲಿ ೨೦೧೫ರಿಂದ ೨೦೨೦ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡಿಯ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿಕೊಂಡು ಪಕ್ಷಿಗಳ ನಕ್ಷೆಯೊಂದನ್ನು ಸಿದ್ಧಪಡಿಸಿದರು. ನಮ್ಮ ಮೈಸೂರಿನ ಹವ್ಯಾಸಿಗಳು ತಮ್ಮ ನಗರಕ್ಕಾಗಿ ಅದಕ್ಕೂ ಮೊದಲೇ, ೨೦೧೪ರಲ್ಲಿಯೇ, ಇಂಥ ಕೆಲಸಕ್ಕೆ ಕೈ ಹಾಕಿದ್ದರೆಂಬುದು ಹೆಮ್ಮೆಯ ವಿಷಯ.

ನಮ್ಮ ಕಾಲಬುಡದ ಕಡಲು

ಮುಂಬಯಿಯ ವಾಚಕರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಗಿರಗಾಂವ್ ಚೌಪಾಟಿಯಲ್ಲಿ ಭೇಳ್ ತಿನ್ನಲು ಹೋದವರಾರೂ ಅಲ್ಲಿಯ ನೀರಿನಲ್ಲಿ ಜೀವವಿದೆಯೆಂದು ಬಗೆದಿರಲಾರರು. ೨೦೧೭ರಲ್ಲಿ ಕೆಲವು ಉತ್ಸಾಹಿಗಳು 'ಮರೀನ್ ಲೈಫ್ ಆಫ್ ಮುಂಬೈ' ಎಂಬ ಹೆಸರಿನಲ್ಲಿ ಕೂಡಿ, ಇಳಿತದ ಸಮಯ ನೋಡಿಕೊಂಡು ಬಂಡೆಗಳ ನಡುವೆ ನಡೆದು, ಕಂಡುದನ್ನು ಚಿತ್ರ ತೆಗೆದು ದಾಖಲಿಸತೊಡಗಿದರು. ಏಡಿ, ಶಂಖ, ಕಡಲಹೂವು, ಅಷ್ಟಪದಿ, ಹವಳ ಹೀಗೆ ನೂರಾರು ಜಾತಿಗಳು ಬೆಳಕಿಗೆ ಬಂದವು. ಹವಳವು ೧೯೭೨ರ ವನ್ಯಜೀವಿ ಕಾನೂನಿನ ರಕ್ಷಣೆಗೆ ಒಳಪಟ್ಟುದು. ಹಾಜಿ ಅಲಿ ಮತ್ತು ವರಳಿಯ ತೀರದಲ್ಲಿ ಅದು ಇದೆಯೆಂದು ತಿಳಿದುದರಿಂದಲೇ, ಕರಾವಳಿ ರಸ್ತೆಯ ಕೆಲಸಕ್ಕಾಗಿ ಅದನ್ನು ಸುಮ್ಮನೆ ಮಣ್ಣಿನಡಿ ಹೂಳುವಂತಿರಲಿಲ್ಲ. ೨೦೨೦ರಲ್ಲಿ ಅದನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸಾಗಿಸಿದುದು ಸರಿಯೋ ತಪ್ಪೋ ಎಂಬ ವಾದ ಹಾಗಿರಲಿ. ದಾಖಲೆಯಲ್ಲಿ ಇಲ್ಲದ ಜೀವಿಗೆ ಆ ವಾದದ ಭಾಗ್ಯವೂ ಇರುವುದಿಲ್ಲ ಎಂಬುದೇ ಇಲ್ಲಿಯ ಪಾಠ.

ಠಾಣೆ ಕೊಲ್ಲಿಯ ರಾಜಹಂಸಗಳೂ ಹಾಗೆಯೇ. ೧೯೯೦ರ ದಶಕದಿಂದೀಚೆಗೆ ಚಳಿಗಾಲದಲ್ಲಿ ಬಂದು ಮಳೆಗಾಲಕ್ಕೆ ಮೊದಲು ಹಿಂದಿರುಗುವ ಈ ಗುಲಾಬಿ ಅತಿಥಿಗಳ ಸಂಖ್ಯೆ ಕೆಲವು ವರ್ಷಗಳಲ್ಲಿ ಲಕ್ಷವನ್ನೂ ಮುಟ್ಟಿದುದುಂಟು. ೨೦೧೫ರಲ್ಲಿ ಆ ಕೊಲ್ಲಿಯ ಒಂದು ಭಾಗವು ರಾಜಹಂಸಗಳ ಅಭಯಧಾಮವಾಯಿತು. ೨೦೨೨ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಚೆನ್ನೈಯ ಪಳ್ಳಿಕರಣೆ ಜೌಗು ಅದೇ ವರ್ಷ ಅದೇ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಹೈದರಾಬಾದಿನ ಅಮೀನಪುರ ಕೆರೆಯು ೨೦೧೬ರಲ್ಲಿ ಜೀವವೈವಿಧ್ಯದ ಪರಂಪರಾಸ್ಥಾನವೆನಿಸಿತು. ಇಂಥ ಮನ್ನಣೆ ಕೇಳುವಾಗ ಅಧಿಕಾರಿಗಳ ಮುಂದಿಡಲು ಅಂಕಿಸಂಖ್ಯೆಗಳೇ ಬೇಕು, ಭಾವುಕತೆ ಸಾಲದು.

ಹೊಟ್ಟೆ ತುಂಬುವುದೆ?

"ಹಕ್ಕಿ ಎಣಿಸಿದರೆ ಹೊಟ್ಟೆ ತುಂಬುವುದೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತು ದುಡಿಯುವವನಿಗೆ ಹಗುರವಾದ ಉತ್ತರ ಕೊಡಬಾರದು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಬಿದ್ದು, ಮಿಠಿನದಿ ಉಕ್ಕಿ, ಅಂಗಡಿ ಹೋಟೆಲುಗಳೊಳಗೆ ನೀರು ನುಗ್ಗಿದುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ನೀರು ಹಿಡಿದಿಟ್ಟುಕೊಳ್ಳುವ ಜೌಗುನೆಲವೂ ಕಡಲನ್ನು ತಡೆಯುವ ಕಾಂಡ್ಲಾ ಕಾಡೂ ಎಷ್ಟು ಅಗತ್ಯವೆಂದು ನಗರಕ್ಕೆ ಅಂದು ತಿಳಿಯಿತು. ಅದೇ ವರ್ಷದ ಅಕ್ಟೋಬರದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಾಡನ್ನು ಕಡಿಯಬಾರದೆಂದು ಆಜ್ಞೆ ಮಾಡಿತು. ಹಕ್ಕಿ ಬಂದಿಳಿಯುವ ನೆಲವೂ ಮಳೆನೀರು ತಂಗುವ ನೆಲವೂ ಬೇರೆ ಬೇರೆಯಲ್ಲ. ಅಲ್ಲಿಂದ ಹಕ್ಕಿ ಕಾಣೆಯಾದರೆ ಅದು ನಮಗೆ ಮುಂಚಿತವಾಗಿ ಬಂದ ಎಚ್ಚರಿಕೆ.

ಇನ್ನೊಂದು ನಷ್ಟವೂ ಇದೆ, ಅದು ನಮ್ಮದೇ. ಗೀಜಗ, ಕೆಂಬೂತ, ಮಿಂಚುಳ್ಳಿ, ಕಾಜಾಣ, ಪಿಕಳಾರ, ಮಡಿವಾಳ ಎಂಬ ಹೆಸರುಗಳನ್ನು ನಾವು ಬಾಲ್ಯದಲ್ಲಿ ಗದ್ದೆಯ ಬದುವಿನಲ್ಲಿ ಕಲಿತೆವು. ಪರಊರಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅವೆಲ್ಲವೂ ಬರಿಯ 'ಹಕ್ಕಿ'. ಪೂರ್ಣಚಂದ್ರ ತೇಜಸ್ವಿಯವರು 'ಕನ್ನಡ ನಾಡಿನ ಹಕ್ಕಿಗಳು' ಎಂಬ ಪುಸ್ತಕದಲ್ಲಿ ಈ ಹೆಸರುಗಳನ್ನೆಲ್ಲ ಕೂಡಿಟ್ಟು ಉಪಕರಿಸಿದ್ದಾರೆ. ವಾರದ ರಜೆಯ ದಿನ ಬೆಳಿಗ್ಗೆ ಮಗುವಿನ ಕೈಹಿಡಿದು ಹತ್ತಿರದ ಉದ್ಯಾನಕ್ಕೋ ಕೆರೆಗೋ ಹೋಗಿ ೧೫ ನಿಮಿಷ ನಿಂತರೆ, ದೇಶದ ಪುಸ್ತಕಕ್ಕೆ ಒಂದು ಸಾಲು ಸೇರುವುದು. ಮಗುವಿಗೆ ಕನ್ನಡದ ಹತ್ತು ಹೆಸರುಗಳು ದೊರೆಯುವುವು.

ದುರ್ಬೀನಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಕಾಗೆ, ಪಾರಿವಾಳ, ಮೈನಾ, ಗಿಳಿ, ಹದ್ದುಗಳನ್ನು ಗುರುತಿಸಲು ಬರಿಗಣ್ಣೇ ಸಾಕು. ಆರಂಭಕ್ಕೆ ಅಷ್ಟು ಧಾರಾಳ. ನಸುಕಿಗೇ ಎದ್ದಿರುವ ನಮ್ಮ ಹೋಟೆಲು ನೌಕರರಿಗೆ ಉಳಿದ ವೀಕ್ಷಕರಿಗಿಲ್ಲದ ಒಂದು ಅನುಕೂಲವೂ ಉಂಟು. ಹಕ್ಕಿಗಳು ಅತ್ಯಂತ ಚಟುವಟಿಕೆಯಿಂದಿರುವ ಹೊತ್ತು ಅದೇ ಆಗಿದೆ. ಇಡ್ಲಿ ಬೇಯುವವರೆಗಿನ ಬಿಡುವಿನಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು, ಗುಬ್ಬಚ್ಚಿ ಬಂದರೆ ಬಂದಿತೆಂದು ಬರೆಯೋಣ. ಬಾರದಿದ್ದರೆ, ಬಂದುವನ್ನೆಲ್ಲ ಬರೆದು ಅದರ ಹೆಸರನ್ನು ಬಿಡೋಣ. ಮುಂದೊಂದು ದಿನ ಯಾರಾದರೂ ಪುಸ್ತಕ ತೋರಿಸೆಂದು ಕೇಳಿದಾಗ, ತೋರಿಸಲು ನಮ್ಮದೂ ಒಂದು ಸಾಲು ಅದರಲ್ಲಿರಲಿ.